ಕೊಟ್ಟರೂ ತೀರದ ಚೀಲಗಳು

ನನ್ನ ಗಂಡ ಒಂದು ನಕಲಿ ಸರ್ವರ್ ಮಾಡಿದ್ದರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ ಬೀಜದ ಅಂಗಡಿಗಳಿದ್ದ ಒಂದು ಕಂಪನಿ ತನ್ನ ಅಂಗಡಿಗಳನ್ನೆಲ್ಲ ಬೆಳಗಾವಿಯ ದೊಡ್ಡ ಕಂಪ್ಯೂಟರಿಗೆ ಜೋಡಿಸುತ್ತಿದ್ದ ಕಾಲ ಅದು. ಎಲ್ಲರೂ ಒಮ್ಮೆಲೇ ದಾಸ್ತಾನು ಕೇಳಿದರೆ ಅಂಗಡಿಗಳ ಹೊಸ ಪ್ರೋಗ್ರಾಂ ತಾಳಿಕೊಳ್ಳುತ್ತದೆಯೇ ಎಂದು ನೋಡಬೇಕಿತ್ತು. ವ್ಯಾಪಾರ ನಡೆಯುವ ಕಂಪ್ಯೂಟರನ್ನು ಅದಕ್ಕೆ ಕೊಡುವವರಿರಲಿಲ್ಲ. ಇವರು ಅಂಗಡಿಗಳು ಕೇಳಿದ್ದನ್ನೂ ಆ ಕಂಪ್ಯೂಟರು ಉತ್ತರಿಸಿದ್ದನ್ನೂ ಕೆಲವು ದಿನ ಕೂಡಿಟ್ಟು, ಅದರ ಹಾಗೆಯೇ ಉತ್ತರಿಸುವ ಪ್ರೋಗ್ರಾಂ ಬರೆದರು. ಹೊಸ ಪ್ರಶ್ನೆ ಬಂದರೆ ಹಳೆಯದರಲ್ಲಿ ಹತ್ತಿರದ್ದನ್ನು ತಾನೇ ಹುಡುಕಿ, ಊರು ಮತ್ತು ಬೀಜದ ಹೆಸರು ಬದಲಿಸಿ ಹೇಳುತ್ತಿತ್ತು.

ನಾನು ಬೈಲಹೊಂಗಲದ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು. ರಜೆಯ ದಿನ ನಮ್ಮನ್ನು ಪರೀಕ್ಷೆಗೆ ಕೂರಿಸಿದರು; ಉತ್ತರ ಕೊಡುತ್ತಿರುವುದು ನಿಜದ್ದೋ ನಕಲಿಯೋ ಹೇಳಲಿಲ್ಲ. ಗೋವಿನಜೋಳದ ಎರಡು ಚೀಲ ಕೊಟ್ಟೆನೆಂದು ಒತ್ತಿ ಮತ್ತೆ ದಾಸ್ತಾನು ಕೇಳಿದೆ. ಮೊದಲಿನಷ್ಟೇ ಇತ್ತು. ಇನ್ನಷ್ಟು ಕೊಟ್ಟೆ. ಒಂದು ಚೀಲವೂ ಕಡಿಮೆಯಾಗಲಿಲ್ಲ.

“ಇದು ನಿಮ್ಮದ ಐತಿ ಬಿಡ್ರಿ. ಹೇಳಿದ್ದು ಇದರ ತಲ್ಯಾಗ ನಿಂದರೂದಿಲ್ಲ,” ಎಂದು ಇವರಿಗೆ ಅಂದೆ.

“ನಿನ್ನಂಥಾಕಿ ಮನ್ಯಾಗಿದ್ರ ಪೊಲೀಸ್ರು ಯಾಕ ಬೇಕು!” ಎಂದು ನಕ್ಕರು.

ಮರುವರ್ಷ ಮಳೆಗಾಲದಲ್ಲಿ ರಾಮದುರ್ಗದ ಅಂಗಡಿಯಲ್ಲಿ ಕೆಲಸವಿದೆಯೆಂದು ಹೋದರು. ಸಂಜೆ ಮೊಬೈಲಿಗೆ ಫೋನು ಮಾಡಿದರೆ ಅದೇ ಮಾತು: ಊಟ ಆತು, ಕೆಲಸ ಬಾಳ ಐತಿ, ಬರೂ ವಾರ ಬರತೇನಿ. ಒಮ್ಮೆ ಆಕಳು ಈದಿದೆ, ಹೆಣ್ಣುಗರು ಎಂದೆ. “ಚಲೋ ಆತು,” ಎಂದರು. ಮರುದಿನ ಅವರೇ ಕೇಳಿದರು: “ಆಕಳಾ ಈತೇನು?”

ದಿನಾ ಅವರೇ ಮೈತೊಳೆಯುತ್ತಿದ್ದ ಆಕಳು. ಮನಸ್ಸು ಬೇರೆ ಕಡೆ ಇದೆ ಅನ್ನಿಸಿತು. ಯಾರ ಕಡೆ ಎಂದು ನನ್ನನ್ನೇ ಕೇಳಿಕೊಂಡ ಮೇಲೆ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ಬಸ್ಸು ಹತ್ತಿ ರಾಮದುರ್ಗಕ್ಕೆ ಹೋದೆ.

ಅಲ್ಲಿಯ ಅಂಗಡಿಯ ಮ್ಯಾನೇಜರು ನನ್ನನ್ನು ಕಂಡು ಗಡಬಡಿಸಿ ಎದ್ದರು. “ಬರ್ರಿ ವೈನಿ, ಕುಂದರ್ರಿ. ಚಾ ತರಸ್ತೇನಿ.”

“ಚಾ ಇರ್ಲಿ. ಇವರೆಲ್ಲಿ?”

“ಇಲ್ಲೇ… ಪ್ಯಾಟಿಗೆ ಹೋಗ್ಯಾರ್ರಿ.”

“ಹಂಗಾರ ಬರೂತನಕಾ ಕುಂದರತೇನಿ.”

ಕುಳಿತೆ. ಚಹಾ ಬಂದು ಆರಿತು. ಗಿರಾಕಿಗಳು ಹೋದ ಮೇಲೆ ಮ್ಯಾನೇಜರು ತಲೆ ತಗ್ಗಿಸಿದರು. “ಹೇಳಬ್ಯಾಡಂತ ಆಣಿ ಹಾಕ್ಯಾರ್ರಿ ವೈನಿ. ಬೆಳಗಾವಿ ದವಾಖಾನ್ಯಾಗ ಅದಾರ. ಹೊಟ್ಟ್ಯಾಗ ಗಂಟ ಐತಂತ.”

ನಾನು ಒಬ್ಬ ಹೆಂಗಸಿನ ಹೆಸರು ಕೇಳಲು ಗಟ್ಟಿಯಾಗಿ ಬಂದಿದ್ದೆ. ಮ್ಯಾನೇಜರು ಅಂಥ ಹೆಸರನ್ನೇ ಹೇಳಬಾರದಿತ್ತೇ ಅನ್ನಿಸಿತು.

ದವಾಖಾನೆಯಲ್ಲಿ ಅವರು ನನ್ನನ್ನು ನೋಡಿ ಗೋಡೆಯ ಕಡೆ ಹೊರಳಿದರು. “ಆರಾಮಾದಮ್ಯಾಲ ಹೇಳಬೇಕಂತಿದ್ದೆ.”

“ಆಗದಿದ್ರ?”

ಅವರ ಕೂದಲು ಕೆದರಿತ್ತು. ನನ್ನ ಬಾಚಣಿಗೆ ತೆಗೆದು ಬಾಚಿದೆ, ಬೇಡವೆನ್ನಲಿಲ್ಲ.

ದೀಪಾವಳಿಗೆ ಮೊದಲೇ ತೀರಿಹೋದರು. ಅಲ್ಲಿಯವರೆಗೆ ಡಾಕ್ಟರು ಹೇಳಿದ್ದನ್ನೆಲ್ಲ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಕೇಳಿದೆವು.