ಹತ್ತು ಲಕ್ಷದ ಒಂದನ್ನು ಗಿರಿಜತ್ತೆ ಭಾಗಿಸಿದ್ದು

ಒದ್ದೆ ಬಟ್ಟೆ ತಾಗಿದ ಸೀಮೆಸುಣ್ಣದ ವಾಸನೆ ಎಲ್ಲೇ ಬಂದರೂ ಟಿ. ನರಸೀಪುರದ ನಮ್ಮ ಮನೆಯ ಪಡಸಾಲೆ ಕಣ್ಣಿಗೆ ಕಟ್ಟುತ್ತದೆ. ಆ ಮನೆ ಈಗಿಲ್ಲ. ಅದರ ಕೆಂಪು ಗಾರೆಯ ನೆಲವೇ ನಮ್ಮ ದೊಡ್ಡಪ್ಪನ ಸ್ಲೇಟು. ಗದ್ದೆಯಿಂದ ಬಂದು ಕಾಲು ತೊಳೆದವರೇ ಅಲ್ಲಿ ಕುಕ್ಕರಗಾಲಲ್ಲಿ ಕೂತು, ಬಸ್ ಟಿಕೆಟ್ಟಿನ ನಂಬರೋ ಲಾರಿಯ ನಂಬರೋ, ಕಂಡ ಸಂಖ್ಯೆಯನ್ನೆಲ್ಲ ಭಾಗಿಸುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಅವರು ಫೇಲಾದದ್ದು ಗಣಿತ ಒಂದರಲ್ಲೇ; ಆ ಸಿಟ್ಟನ್ನು ಜೀವನವಿಡೀ ನೆಲದ ಮೇಲೆ ತೀರಿಸಿಕೊಂಡರು. ಒರೆಸುವ ಬಟ್ಟೆ ಹಿಡಿದ ಅಮ್ಮ, ಉತ್ತರ ಬರುವ ತನಕ ಕಾಯುತ್ತ ನಿಂತಿರುತ್ತಿದ್ದಳು.

ತೊಂಬತ್ತರ ದಶಕದ ಒಂದು ಬೇಸಗೆಯಲ್ಲಿ ಅಪ್ಪನ ಕೊನೆಯ ತಂಗಿ ಗಿರಿಜತ್ತೆ ಪಿಯುಸಿ ಮುಗಿಸಿ, ಮೈಸೂರಿಗೆ ಹೋಗಿ ಬಿಎಸ್ಸಿ ಓದುತ್ತೇನೆಂದು ಹಟ ಹಿಡಿದಳು. ಮನೆಯ ಯಜಮಾನರಾದ ದೊಡ್ಡಪ್ಪ ಅಷ್ಟರಲ್ಲಿ ಬನ್ನೂರಿನ ಗಂಡೊಂದನ್ನು ನೋಡಿದ್ದರು. ಮೂರು ದಿನ ಮಾತಿಗೆ ಮಾತು ಬೆಳೆಯಿತು. ನಾಲ್ಕನೆಯ ದಿನ ದೊಡ್ಡಪ್ಪ ನೆಲದ ಮೇಲೆ ದೊಡ್ಡದಾಗಿ 1000001 ಎಂದು ಬರೆದರು.

"ಅತ್ತು ಲಕ್ಷದ ಒಂದು. ಇದು ಯಾವುದ್ರಿಂದ್ಲೂ ಓಗಲ್ಲ ಕಣವ್ವ, ತೊಂಬತ್ತೊಂಬತ್ತರ ಗಂಟ ನೋಡಿವ್ನಿ. ನೀ ಭಾಗ ಮಾಡ್ಬುಟ್ರೆ ಮೈಸೂರಿಗೆ ಕಳಿಸ್ತೀನಿ. ಇಲ್ದಿದ್ರೆ ಭಾನುವಾರ ಬನ್ನೂರೋರು ಬತ್ತಾರೆ, ಸೀರೆ ಉಟ್ಕೊ."

ಅತ್ತೆ ಮೂರರಿಂದ ಶುರು ಮಾಡಿದಳು. ಎರಡು ಉಳಿಯಿತು. ಏಳರಿಂದ ಭಾಗಿಸಿದರೂ ಎರಡು, ಹನ್ನೊಂದರಿಂದಲೂ ಎರಡು, ಹದಿಮೂರರಿಂದಲೂ ಎರಡೇ. "ಈ ಎರಡು ಯಾಕವ್ವ ನಮ್ಮನೇಲೇ ಠಿಕಾಣಿ ಊಡೈತೆ?" ಎಂದು ಅಜ್ಜಿ ಗೊಣಗಿದಳು. ಹದಿನೇಳಕ್ಕೆ ಹತ್ತು ಉಳಿದಾಗ ಎರಡು ತೊಲಗಿತು, ಗೆದ್ದೇಬಿಟ್ಟೆವೆಂದು ನಾವು ಮಕ್ಕಳು ಕುಣಿದೆವು. ಶನಿವಾರದ ಹೊತ್ತಿಗೆ ಲೆಕ್ಕ ಪಡಸಾಲೆ ದಾಟಿ ಅಡುಗೆಮನೆಗೂ ನುಗ್ಗಿತ್ತು. ತೊಂಬತ್ತೇಳೂ ಕೈಕೊಟ್ಟಿತು. ಅಮ್ಮ ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದಿಟ್ಟಳು. ಅತ್ತೆಯ ಕೆನ್ನೆ ತುಂಬ ಸುಣ್ಣದ ಪುಡಿ, ಕಣ್ಣಲ್ಲಿ ನೀರು, ಆದರೂ ಮೇಲೇಳಲಿಲ್ಲ. ದೊಡ್ಡಪ್ಪ ನಿಲ್ಲಿಸಿದ್ದ ಕಡೆಯಿಂದ ಮುಂದಕ್ಕೆ ಹೊರಟಳು. ನೂರು ಹೇಗೂ ಹೋಗದು. ನೂರಾ ಒಂದನ್ನು ಹಿಡಿದು ಒಂದೊಂದೇ ಅಂಕಿ ಇಳಿಸುತ್ತ ಬಂದಳು. ಕೊನೆಗೆ ಸೊನ್ನೆ ಉಳಿಯಿತು.

"ಅಣ್ಣಯ್ಯ, ಓಯ್ತು, ಬಾ ನೋಡು. ಒಂಬತ್ತು ಸಾವಿರದ ಒಂಬೈನೂರ ಒಂದು ಸಲ."

ದೊಡ್ಡಪ್ಪ ಗುಣಿಸಿ ನೋಡಿದರು. ಎರಡು ಸಲ ಅವರದೇ ತಪ್ಪಿತು. ಮೂರನೆಯ ಸಲ ಸರಿಯಾಗಿ ಬಂತು. ಸೀಮೆಸುಣ್ಣ ಕೆಳಗಿಟ್ಟು, "ಇನ್ನೆರಡೆಜ್ಜೆ ಮುಂದಕ್ಕೋಗಿದ್ರೆ ನಂಗೇ ಸಿಕ್ಕೋದು" ಎಂದರು. ಮರುದಿನ ಬನ್ನೂರಿನವರಿಗೆ ಉಪ್ಪಿಟ್ಟು ಕೊಡಿಸಿ, ಹುಡುಗಿಯನ್ನು ಏಕೆ ತೋರಿಸುವುದಿಲ್ಲ ಎಂಬುದನ್ನು ನೆಲದ ಮೇಲೆ ಲೆಕ್ಕ ಬರೆದೇ ವಿವರಿಸಿದರು. ಅವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಅತ್ತೆ ಓದಿ ನಂಜನಗೂಡಿನಲ್ಲಿ ಗಣಿತದ ಟೀಚರಾದಳು. ಕೆಲವು ವರ್ಷಗಳಲ್ಲಿ ದೊಡ್ಡಪ್ಪ ತೀರಿಕೊಂಡರು. ಮನೆಯ ಹಿರಿಯರೊಬ್ಬರನ್ನು ಕಳೆದುಕೊಂಡವರಾದರೆ ನೀವೂ ಬಲ್ಲಿರಿ, ನಮಗೆ ಗೊತ್ತಿಲ್ಲದ ಎಷ್ಟೋ ಸಂಗತಿಗಳನ್ನು ಆಮೇಲೆ ಬೀದಿಯವರು ಬಂದು ಹೇಳುತ್ತಾರೆ. ತಿಥಿಯ ದಿನ ಎಲೆ ಅಡಿಕೆ ಅಂಗಡಿಯ ಮಾದಪ್ಪ ಅತ್ತೆಯ ಬಳಿ ಬಂದು ನಿಂತ.

"ನಿಮ್ಮಣ್ಣಯ್ಯ ದಿನಾ ನಿಮ್ ಲೆಕ್ಕ ಯೋಳ್ದೆ ಎಲೆ ತಗೋತಿರ್ಲಿಲ್ಲ ಕಣವ್ವ. ನಾ ಸೋತೋದೆ, ನಮ್ ಗಿರಿಜ ಗೆದ್ಲು ಅನ್ನೋರು."

"ಲೆಕ್ಕ ಸರಿಯಾಗಿ ಯೋಳೋರಾ?" ಅತ್ತೆ ಕೇಳಿದಳು.

"ಎಲ್ಲಿ ಸರಿಯವ್ವ. ದಿನಕ್ಕೊಂದು ನಂಬರು."

ಅತ್ತೆ ನಕ್ಕಳು. ಆಮೇಲೆ ಹಿತ್ತಲಿಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ.