ನಾಳೆಯ ಬೆಲೆ ಸೇರಿಹೋಗಿದ್ದ ಸರಾಸರಿ

ಮುಳಬಾಗಿಲಿನ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ನನ್ನ ಸೋದರಮಾವ ಬೈರಕೂರಿನ ಹತ್ತಿರ ಟೊಮೆಟೊ ಬೆಳೆಯುತ್ತಾರೆ. ಆ ಬೇಸಿಗೆ ಅವರು ನಗುತ್ತಾ ಕೇಳಿದ್ದರು: "ನಾಳೆ ಕೋಲಾರದ ಮಾರ್ಕೆಟ್ಟಲ್ಲಿ ರೇಟು ಏರ್ತದಾ ಇಳೀತದಾ, ಅದನ್ನ ಹೇಳ್ತದೇನಮ್ಮಾ ನಿನ್ನ ಕಂಪ್ಯೂಟ್ರು?"

ನಾನು ಅದನ್ನು ಗಂಭೀರವಾಗಿ ತೆಗೆದುಕೊಂಡೆ. ಕೋಲಾರದ ಮಾರುಕಟ್ಟೆಯ ಮೂರು ವರ್ಷಗಳ ಹರಾಜಿನ ಬೆಲೆಗಳನ್ನೂ ಅಲ್ಲಿಗೆ ದಿನಾ ಬಂದ ಟೊಮೆಟೊ ಬಾಕ್ಸುಗಳ ಸಂಖ್ಯೆಯನ್ನೂ ಕಂಪ್ಯೂಟರಿಗೆ ಹಾಕಿ ಒಂದು ಪ್ರೋಗ್ರಾಂ ಬರೆದೆ. ಹಳೆಯ ಒಂದೊಂದು ದಿನವನ್ನೂ ಅದರ ಮುಂದಿಟ್ಟು, ಮರುದಿನ ಏನಾಗುತ್ತದೆಂದು ಕೇಳಿ, ನಿಜಕ್ಕೂ ಆದದ್ದರ ಜೊತೆ ಹೋಲಿಸಿದೆ. ಹತ್ತರಲ್ಲಿ ಎಂಟು ಸಲ ಸರಿ ಹೇಳಿತು. ನನಗೆ ಅನುಮಾನ ಬರಬೇಕಿತ್ತು, ಬಂದದ್ದು ಹೆಮ್ಮೆ. ಮಾವನಿಗೆ ಫೋನ್ ಮಾಡಿ, "ಎರಡು ದಿನ ಹಣ್ಣು ಕೀಳಿಸ್ಬೇಡಿ ಮಾವ, ರೇಟು ಏರುತ್ತೆ" ಅಂದೆ.

ಮರುದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು ಅದೇ ಪ್ರೋಗ್ರಾಂ ಓದುತ್ತಿದ್ದಾಗ ಒಂದು ಸಾಲಿನ ಮೇಲೆ ಕಣ್ಣು ನಿಂತಿತು. ಬೆಲೆಗಳ ಏರುಪೇರು ಕಡಿಮೆಯಾಗಲೆಂದು ಮೂರು ದಿನದ ಸರಾಸರಿ ತೆಗೆದಿದ್ದೆ: ನಿನ್ನೆಯದು, ಇಂದಿನದು, ನಾಳೆಯದು. ಊಹಿಸಬೇಕಾದ ಬೆಲೆಯನ್ನು ನಾನೇ ಮೊದಲು ಅದರ ಕಿವಿಗೆ ಹೇಳಿಬಿಟ್ಟಿದ್ದೆ. ಸಾಲು ತಿದ್ದಿ ಮತ್ತೆ ಪರೀಕ್ಷಿಸಿದೆ. ಹತ್ತಕ್ಕೆ ಐದು. ಕಣ್ಣು ಮುಚ್ಚಿಕೊಂಡು ಹೇಳಿದರೂ ಅಷ್ಟು ಸರಿಹೋಗುತ್ತದೆ.

ಮಾವ ಫೋನ್ ಎತ್ತಲಿಲ್ಲ. ರಜೆ ಬರೆದುಕೊಟ್ಟು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತೋಟಗಳಲ್ಲಿ ಕಾಣುವ ಕೆಂಪೆಲ್ಲ ನನ್ನಿಂದಲೇ ಉಳಿದುಹೋದ ಹಣ್ಣು ಅನ್ನಿಸುತ್ತಿತ್ತು.

ಮಾವ ತೋಟದ ಬದುವಿನ ಮೇಲೆ ನಿಂತಿದ್ದರು.

"ತಪ್ಪಾಗಿದೆ ಮಾವ. ಈಗಲೇ ಕೀಳಿಸಿ."

"ಕೂಲಿಯೋರ್ನ ಬ್ಯಾಡ ಅಂದ್ಬಿಟ್ಟಿದೀನಲ್ಲಮ್ಮಾ, ಇವಾಗ ಯಾರು ಬರ್ತಾರೆ?" ಎಂದವರು ತಗ್ಗಿದ ದನಿಯಲ್ಲಿ ಸೇರಿಸಿದರು, "ಪಕ್ಕದ ಆರು ಮನೆಯೋರ್ಗೂ ಹೇಳ್ಬಿಟ್ಟೆ. ಅವ್ರೂ ಕಿತ್ತಿಲ್ಲ."

ಆರು ಮನೆ. ಬಿಸಿಲು ಹಾಗೇ ಇದ್ದರೆ ಹಣ್ಣು ಮೆತ್ತಗಾಗಿ ಬಿರಿಯುತ್ತದೆ. ಬೆಲೆ ಬಿದ್ದರೆ ಸಾಗಿಸುವುದೂ ದಂಡ. ನಾಳೆಯವರೆಗೆ ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಬೆಲೆ ಏರಿತು.

"ಏನ್ ಬುದ್ಧಿ ಕಣಮ್ಮಾ ನಿಂದು!" ಮಾವ ಫೋನಿನಲ್ಲಿ ಕೂಗುತ್ತಿದ್ದರು. ಅದು ಆಕಸ್ಮಿಕ ಎಂದರೆ ಕೇಳಲಿಲ್ಲ. "ಸುಮ್ನಿರಮ್ಮಾ, ಬಂತಲ್ಲ!" ಆ ವಾರ ಗುರುತಿಲ್ಲದ ನಂಬರುಗಳಿಂದ ಕರೆಗಳು ಬರತೊಡಗಿದವು. "ಮೇಡಂ, ನಾಳೆ ಕೀಳಾಣವಾ?" ಬೆಲೆ ಬಿದ್ದಿದ್ದರೆ ಬೈಸಿಕೊಂಡು ಮುಗಿಯುತ್ತಿತ್ತು. ಜನ ನಂಬಿದ್ದು ನನ್ನನ್ನು ಇನ್ನೂ ಹೆದರಿಸಿತು.

ಭಾನುವಾರ ಮಾವನ ಎದುರು ಕೂತು ಒಂದು ಪರೀಕ್ಷೆ ಸೂಚಿಸಿದೆ. ಮುಂದಿನ ಹತ್ತು ದಿನ, ದಿನಾ ಬೆಳಿಗ್ಗೆ ಅವರು ಒಂದು ನಾಣ್ಯ ಚಿಮ್ಮಬೇಕು. ರಾಜಮುದ್ರೆ ಬಿದ್ದರೆ ಏರಿಕೆ, ಅಂಕಿ ಬಿದ್ದರೆ ಇಳಿಕೆ. ನನ್ನ ಪ್ರೋಗ್ರಾಂ ಹೇಳಿದ್ದನ್ನು ಪಕ್ಕದಲ್ಲಿ ಬರೆದುಕೊಳ್ಳಬೇಕು. ತಮಾಷೆಯೆಂದೇ ಅವರು ಒಪ್ಪಿದರು. ಹತ್ತನೆಯ ದಿನ ಹಾಳೆ ಬಿಡಿಸಿ ಎಣಿಸಿದೆವು. ನಾಣ್ಯ ಆರು ಸಲ ಸರಿ, ನನ್ನ ಪ್ರೋಗ್ರಾಂ ನಾಲ್ಕು.

ಮಾವ ಹಾಳೆ ತೆಗೆದುಕೊಂಡು ತಾವೇ ಮತ್ತೊಮ್ಮೆ ಎಣಿಸಿದರು. ನಗು ಇರಲಿಲ್ಲ.

"ಅಂದ್ರೆ ಅವತ್ತು ನಮ್ಮೆಲ್ಲರ ಬೆಳೆ ಮ್ಯಾಲೆ ನಾಣ್ಯ ಚಿಮ್ಮಿದ್ಯಾ?"

"ಹೌದು ಮಾವ."

ಬೈಯಲಿಲ್ಲ. ಟವಲು ಹೆಗಲಿಗೆ ಹಾಕಿಕೊಂಡು ತಾವೇ ಆರು ಮನೆಗೂ ಹೇಳಲು ಹೊರಟರು. ನಾನೂ ಹಿಂದೆಯೇ ಹೋಗಿ ಪ್ರತಿ ಬಾಗಿಲಲ್ಲೂ ತಪ್ಪೊಪ್ಪಿಕೊಂಡೆ. ನಾಲ್ಕು ಮನೆಯವರು ಸರಿಯೆಂದು ತಲೆಯಾಡಿಸಿದರು. ಉಳಿದ ಇಬ್ಬರು ನಾನು ಗುಟ್ಟು ಬಚ್ಚಿಡುತ್ತಿದ್ದೇನೆಂದೇ ತಿಳಿದರು. ಅವರಲ್ಲೊಬ್ಬರು ಪ್ರತಿ ಬೇಸಿಗೆಯೂ ಕರೆ ಮಾಡಿ, ಕೀಳಬೇಕೋ ಬೇಡವೋ ಎಂದು ಕೇಳುತ್ತಾರೆ. "ನಂಗೆ ಗೊತ್ತಿಲ್ಲ" ಎಂದೇ ಇವತ್ತಿಗೂ ಹೇಳುತ್ತೇನೆ.