ವಾಕಿಂಗ್‌ಗೆ ಮುಡಿದ ಮಲ್ಲಿಗೆ

ಹೆಬ್ಬಾಳದ ಡಾಕ್ಟರು ಹೇಳಿದ್ದು ತೀರಾ ಸಣ್ಣ ಸಂಗತಿಗಳು. ಮಾತ್ರೆ ತಪ್ಪಿಸಬಾರದು, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ದಿನಾ ಸ್ನಾನ ಮಾಡಬೇಕು, ಬೆಳಿಗ್ಗೆ ಅರ್ಧ ಗಂಟೆ ಹೊರಗೆ ನಡೆಯಬೇಕು. ಆಗ ನಾನು ಹಾಸಿಗೆ ಹಿಡಿದು ತಿಂಗಳುಗಳೇ ಆಗಿದ್ದವು. ತಲೆ ಬಾಚಿಕೊಳ್ಳಲೂ ಕೈ ಮೇಲೇಳುತ್ತಿರಲಿಲ್ಲ. ಕಾರಣ ಕೇಳಬೇಡಿ, ನನಗೂ ಗೊತ್ತಿಲ್ಲ. ಕಾರಣವಿಲ್ಲದ ಕಾಯಿಲೆಗೆ ನಮ್ಮ ಮನೆಯಲ್ಲಿ ಕೊಬ್ಬು ಎನ್ನುತ್ತಾರೆ. ಪುಟ್ಟೇನಹಳ್ಳಿಯ ಹೊಲ ಮಾರಿ, ಮೂರಂತಸ್ತು ಕಟ್ಟಿಸಿ, ಬಾಡಿಗೆಯಲ್ಲಿ ಕೂತು ಉಣ್ಣುವ ಮನೆಯ ಮಗಳಿಗೆ ಇನ್ನೇನು ಬಂದೀತು ಎಂಬುದು ಅಪ್ಪನ ವಾದ.

ಅಮ್ಮ ಮಾತ್ರೆಗಳಿಗೆ ‘ವಿಟಮಿನ್’ ಎಂದು ಹೆಸರಿಟ್ಟು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಳು. ವಾಕಿಂಗ್ ಮಾತ್ರ ಅವಳಿಗೆ ಬಹಳ ಹಿಡಿಸಿತು. ಮನೆ ಹತ್ತಿರದ ಕೆರೆಯ ಸುತ್ತ ಊರಿಗೆ ಊರೇ ನಡೆಯುತ್ತದೆ, ಅದನ್ನು ಬಚ್ಚಿಡಬೇಕಾಗಿಲ್ಲವಲ್ಲ.

ಮೊದಲ ದಿನಗಳಲ್ಲಿ ಕಾಲು ನಡುಗುತ್ತಿದ್ದವು. ಆಮೇಲಾಮೇಲೆ ಕೆರೆ ಮಧ್ಯದ ಮರದ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ಕಪ್ಪು ಹಕ್ಕಿಗಳು ಕಣ್ಣಿಗೆ ಬೀಳತೊಡಗಿದವು. ಅಲ್ಲಿ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಆ ಅರ್ಧ ಗಂಟೆ ನನ್ನದು, ಬರೀ ನನ್ನದು. ಬದುಕಬಹುದೇನೋ ಎಂದು ಅನ್ನಿಸಿದ್ದು ಅಲ್ಲೇ.

ಅಷ್ಟರಲ್ಲಿ ವಾಕಿಂಗಿನ ಸುದ್ದಿ ದೊಡ್ಡಮ್ಮನ ಕಿವಿಗೆ ಬಿತ್ತು. ಅಪ್ಪನ ಅಣ್ಣನ ಹೆಂಡತಿ, ಪಕ್ಕದ ಬೀದಿಯಲ್ಲೇ ಮನೆ. ಸಂಬಂಧ ಕುದುರಿಸುವುದರಲ್ಲಿ ಎತ್ತಿದ ಕೈ.

“ಉಡ್ಗಿ ದಿನಾ ಕೆರೆತಾವ ಓಗ್ತಾಳಾ? ನೋಡೋರ್ನ ಅಲ್ಲಿಗೇ ಕರುಸ್ಬುಟ್ರಾಯ್ತು. ಮನೇಗ್ ಕರ್ದು ಉಪ್ಪಿಟ್ಟು ಕೇಸರಿಬಾತ್ ಮಾಡೋ ತಾಪತ್ರಯನೇ ಇಲ್ಲ!”

ಮಾರನೆಯ ದಿನದಿಂದ ಹಳೆ ಟೀ ಶರ್ಟು ಹೋಗಿ ಜರಿ ಅಂಚಿನ ಚೂಡಿದಾರ ಬಂತು. ಶೂ ಹೋಗಿ ಹಿಮ್ಮಡಿ ಎತ್ತರದ ಚಪ್ಪಲಿ ಬಂತು. ಜಡೆಗೆ ಮೊಳ ಮಲ್ಲಿಗೆ. ನನ್ನ ಆಚೀಚೆ ಅಮ್ಮ, ದೊಡ್ಡಮ್ಮ. ತಿರುವಿನಲ್ಲಿ ಯಾರೋ ಹೆಂಗಸರು ಎದುರಾಗುತ್ತಿದ್ದರು. “ಅಯ್ಯೋ ನೀವಾ! ಏನ್ ಸಮಾಚಾರ?” ಎಂದು ದೊಡ್ಡಮ್ಮ ಆಶ್ಚರ್ಯಪಡುತ್ತಿದ್ದಳು. ಹಿಂದಿನ ದಿನವೇ ಫೋನ್ ಮಾಡಿ ಕರೆಸಿದವಳೂ ಅವಳೇ. ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡುವಾಗ ಅವಳ ಉಗುರು ನನ್ನ ತೋಳಿಗೆ ಇಳಿಯುತ್ತಿತ್ತು. “ನಗೇ. ಎಣ ಒತ್ಕೊಂಡ್ ಓಗೋರಂಗೆ ಬರ್ಬ್ಯಾಡ.”

ನಾನು ನಗುತ್ತಿದ್ದೆ. ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕೂರುತ್ತಿದ್ದೆ. ಇಷ್ಟಿಷ್ಟೇ ಎದ್ದು ಬಂದಿದ್ದ ಜೀವ ಮತ್ತೆ ಕುಸಿಯುತ್ತಿತ್ತು. ಅಮ್ಮನಿಗೆ ಹೇಳಿದರೆ, “ನಡೀತಾ ಇದೀಯಲ್ಲ, ಡಾಕ್ಟ್ರು ಹೇಳಿದ್ದೂ ಅದೇ ತಾನೇ?” ಎಂದಳು.

ಒಂದು ದಿನ ಯಶವಂತಪುರದಿಂದ ಒಬ್ಬಾಕೆ ಬಂದರು. ಅಲ್ಲಿನ ಮಾರ್ಕೆಟ್ ಯಾರ್ಡಿನಲ್ಲಿ ಅವರದು ಈರುಳ್ಳಿ ಮಂಡಿ. ಬೆಂಚಿನ ಮೇಲೆ ಕೂತವರೇ, “ಆ ಮರದವರೆಗೂ ಹೋಗಿ ಬಾಮ್ಮಾ” ಎಂದರು. ಹೋಗಿ ಬಂದೆ. “ಇನ್ನೊಂದ್ಸಲ. ಸ್ವಲ್ಪ ಜೋರಾಗಿ.” ವಾಕಿಂಗಿನವರು ನಿಂತು ನೋಡತೊಡಗಿದರು. ಮತ್ತೆ ಹೋಗಿ ಬಂದೆ.

“ಕಾಲು ಚೆನ್ನಾಗೇ ಇದೆ,” ಎಂದರಾಕೆ. “ಹೆಬ್ಬಾಳದಲ್ಲಿ ಯಾವ್ದೋ ಆಸ್ಪತ್ರೆ ಹತ್ರ ಇವಳನ್ನ ನೋಡಿದ್ವಿ ಅಂತ ಯಾರೋ ಅಂದ್ರು. ಅದಕ್ಕೇ ಡೌಟಿತ್ತು.”

“ಕಾಲಿಗೇನ್ ಬಂದೈತೆ, ಕುದ್ರೆ ಇದ್ದಂಗವ್ಳೆ!” ಎಂದು ದೊಡ್ಡಮ್ಮ ನಕ್ಕಳು.

“ಕಾಲಿಗಲ್ಲ ಆಂಟಿ, ಮನಸ್ಸಿಗೆ. ಮಾತ್ರೆ ತಗೋತಿದೀನಿ,” ಎಂದೆ. ಧೈರ್ಯ ಗಿರ್ಯ ಏನೂ ಅಲ್ಲ. ಚಪ್ಪಲಿ ಕಚ್ಚಿ ಹಿಮ್ಮಡಿ ಸುಲಿದಿತ್ತು, ಸಿಟ್ಟು ನೆತ್ತಿಗೇರಿತ್ತು.

ಆಕೆ ಬ್ಯಾಗು ಎತ್ತಿಕೊಂಡು ಎದ್ದರು. ನನ್ನ ಕಡೆ ನೋಡಲಿಲ್ಲ. ದೊಡ್ಡಮ್ಮನಿಗೆ ಮಾತ್ರ, “ಮೇಲ್ಗಡೆ ಒಳ್ಳೇದಿಟ್ಟು ಕೆಳಗಡೆ ಕೊಳ್ತಿರೋದು ತುಂಬೋರ್ನ ನಮ್ ಮಂಡೀಲೂ ನೋಡಿದೀವಿ ಕಣ್ರೀ,” ಎಂದು ಹೊರಟರು.

ಮನೆಗೆ ಬಂದಾಗ ಅಮ್ಮ ಬೈಯಲಿಲ್ಲ. ಜಡೆಯ ಹೂವನ್ನು ಕಿತ್ತಳು, ಜೊತೆಗೆ ನಾಲ್ಕು ಕೂದಲೂ ಬಂದವು. “ಮನೇಲೇ ಕೊಳೀಲಿ ಬುಡು,” ಎಂದು ದೊಡ್ಡಮ್ಮ ತೀರ್ಪು ಕೊಟ್ಟು ಹೋದಳು. ಮರುದಿನ ಬೆಳಿಗ್ಗೆ ಗೇಟಿಗೆ ಬೀಗ ಬಿದ್ದಿತ್ತು. “ನಡಿಯೋಕೆ ಎಲ್ಲಾದ್ರೇನು? ಟೆರೇಸ್ ಮೇಲೆ ನಡಿ. ಜನರ ಕಣ್ಣಿಗೆ ಬೀಳ್ಬೇಡ,” ಎಂದಳು ಅಮ್ಮ.

ನಡೆದೆ. ನೀರಿನ ಟ್ಯಾಂಕು, ಬಾಡಿಗೆಯವರ ಒದ್ದೆ ಬಟ್ಟೆ, ಮತ್ತೆ ಟ್ಯಾಂಕು. ಮೊದಲು ಬರೀ ಹಟಕ್ಕೆ ನಡೆದೆ, ಇವರ ಮೇಲಿನ ದ್ವೇಷಕ್ಕೆ ನಡೆದೆ. ಮಾತ್ರೆಯನ್ನೂ ಬಿಡಲಿಲ್ಲ. ಹೇಗೋ ಏನೋ, ಬೆಳಿಗ್ಗೆ ಎಚ್ಚರವಾದಾಗ ಅಳು ಬರುವುದು ನಿಂತಿತು. ಒಂದು ದಿನ ಕೆಳಗಿನ ಮನೆಯ ಒಗ್ಗರಣೆ ಘಮ ಮೂಗಿಗೆ ಬಡಿದು ಹಸಿವು ಕೆರಳಿತು. ಎಷ್ಟೋ ಕಾಲದ ಮೇಲೆ ಬಂದ ಹಸಿವು. ಮೆಟ್ಟಿಲು ಹಾರಿಕೊಂಡು ಕೆಳಗಿಳಿದು ದೋಸೆ ಕೇಳಿದೆ.

ಅಮ್ಮ ಹುಯ್ದು ಕೊಟ್ಟಳು. ನಾನು ಗಬಗಬ ತಿನ್ನುವುದನ್ನು ನೋಡಿ ಅವಳ ಕಣ್ಣು ತುಂಬಿದವು. ಇನ್ನೊಂದು ದೋಸೆ ಬಡಿಸಿ ತಲೆ ಸವರಿದಳು.

“ವಾಸಿ ಆಯ್ತೇನೇ?”

ಹೂಂ ಎನ್ನಲು ಬಾಯಿ ತೆರೆದಿದ್ದೆ.

“ಆಗಿದ್ರೆ ಹೇಳು. ದೊಡ್ಡಬಳ್ಳಾಪುರದ ಕಡೇದೊಂದು ಬಂದಿದೆ. ಹುಡುಗನಿಗೆ ಎರಡನೇ ಮದುವೆ, ಆದ್ರೂ ಒಳ್ಳೇ ಜನ.”

“ಇಲ್ಲಮ್ಮ,” ಎಂದೆ. ಬಿಸಿ ದೋಸೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದು, ಕೋಣೆಗೆ ಹೋಗಿ, ಮುಸುಕೆಳೆದುಕೊಂಡು ಮಲಗಿದೆ. ಹೊಟ್ಟೆ ಚುರುಗುಟ್ಟುತ್ತಲೇ ಇತ್ತು.